ಸುಂಕವೂ ಕಾಯಕವಾಗಿದ್ದ ಊರಿನ ದಾರಿಯಲ್ಲಿ

ಖಡಕ್ ಜೋಳದ ರೊಟ್ಟಿ ತೂಗುವುದು ಕಡಿಮೆ, ಜಾಗ ಹಿಡಿಯುವುದು ಹೆಚ್ಚು. ಹೈದರಾಬಾದಿನ ಮಿಯಾಪುರದ ಅಪಾರ್ಟ್‌ಮೆಂಟೊಂದರಲ್ಲಿ ಬೀದರ್ ಕಡೆಯ ಹೆಣ್ಣುಮಗಳೊಬ್ಬರು ರೊಟ್ಟಿ ಬಡಿದು ಆನ್‌ಲೈನಿನಲ್ಲಿ ಮಾರಲು ಹೊರಟಿದ್ದಾರೆ ಎಂದು ಇಟ್ಟುಕೊಳ್ಳೋಣ. ಇಪ್ಪತ್ತು ರೊಟ್ಟಿ ಒಣಗಿಸಿ, ಮುರಿಯದಂತೆ ನಡುನಡುವೆ ಕಾಗದ ಹಾಸಿ, ಪಕ್ಕದಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣವಿಟ್ಟು ಪೆಟ್ಟಿಗೆ ಕಟ್ಟಿದ್ದಾರೆ. ಉದ್ದ 30 ಸೆಂ.ಮೀ., ಅಗಲ 30, ಎತ್ತರ 12. ತಕ್ಕಡಿಯಲ್ಲಿಟ್ಟರೆ ಒಂದು ಕಿಲೋ ಆಸುಪಾಸು. ಆದರೆ ಕೊರಿಯರ್ ಲೆಕ್ಕ ಬೇರೆ. ಮೂರೂ ಅಳತೆಗಳನ್ನು ಗುಣಿಸಿ 5000ದಿಂದ ಭಾಗಿಸಬೇಕು, 2.16 ಬರುತ್ತದೆ. ತಕ್ಕಡಿಯ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಅರ್ಧ ಕಿಲೋದ ಸ್ಲ್ಯಾಬಿನಲ್ಲಿ ಅದು ಎರಡೂವರೆ ಕಿಲೋ ಆಗಿ ಕೂರುತ್ತದೆ. ಒಂದು ಕಿಲೋ ರೊಟ್ಟಿಗೆ ಎರಡೂವರೆ ಕಿಲೋದ ಬಾಡಿಗೆ.

ಅದರ ಮೇಲೆ ವೇದಿಕೆಯ ಕಮಿಷನ್, ಕ್ಲೋಸಿಂಗ್ ಫೀ, ಆ ಎರಡರ ಮೇಲೂ ಶೇ 18ರ ಜಿಎಸ್‌ಟಿ. ಕ್ಯಾಶ್ ಆನ್ ಡೆಲಿವರಿ ಎಂದು ತರಿಸಿದ ಗಿರಾಕಿ ಬಾಗಿಲಲ್ಲೇ ಬೇಡವೆಂದರೆ ಹೋದ ಬಾಡಿಗೆಯೂ ನಷ್ಟ, ಬಂದ ಬಾಡಿಗೆಯೂ ನಷ್ಟ. ದಾರಿಯಲ್ಲಿ ಮುರಿದು ಬಂದ ರೊಟ್ಟಿಯನ್ನಂತೂ ಮತ್ತೆ ಮಾರುವಂತಿಲ್ಲ.

ಇದು ವ್ಯಾಪಾರದ ಲೆಕ್ಕವೇ ಹೌದು. ಆದರೆ ಇದರ ಅಡಿಯಲ್ಲಿರುವ ಪ್ರಶ್ನೆ ಧರ್ಮದ್ದು, ಬಹಳ ಹಳೆಯದು: ಮಾಡುವವರಿಗೂ ಕೊಳ್ಳುವವರಿಗೂ ನಡುವೆ ನಿಂತವನಿಗೆ ಎಷ್ಟು ಪಾಲು ಸಲ್ಲುತ್ತದೆ? ಯಾವ ಹಕ್ಕಿನಿಂದ ಸಲ್ಲುತ್ತದೆ? ಕೌಟಿಲ್ಯನ ಅರ್ಥಶಾಸ್ತ್ರ ದೇಶೀ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ಹತ್ತು ಎಂದು ಲಾಭಕ್ಕೆ ಮಿತಿ ಹಾಕಿ, ಮೀರಿದವರಿಗೆ ದಂಡ ವಿಧಿಸಿತ್ತು. ಇಸ್ಲಾಮೀ ನ್ಯಾಯಶಾಸ್ತ್ರ ಬಡ್ಡಿಯನ್ನು ನಿಷೇಧಿಸಿದ್ದು ಎಲ್ಲರಿಗೂ ಗೊತ್ತು. ಬೆಲೆಯೋ ಸರಕೋ ಸ್ಪಷ್ಟವಿಲ್ಲದ ವ್ಯವಹಾರವನ್ನೂ ಅದು ‘ಘರರ್’ ಎಂದು ದೂರವಿಟ್ಟಿದೆ. ಪಾರ್ಸೆಲ್ ಕೈಬಿಟ್ಟ ಮೇಲೆ ಗೋದಾಮಿನ ಯಂತ್ರ ಅದನ್ನು ಮತ್ತೆ ಅಳೆದು, ಹೆಚ್ಚಿನ ಬಾಡಿಗೆಯನ್ನು ಪೇಮೆಂಟಿನಲ್ಲಿ ಮುರಿದುಕೊಂಡಾಗ ಮಾರಾಟಗಾರರು ಪಡುವ ಸಂಕಟಕ್ಕೆ ಅಷ್ಟು ಹತ್ತಿರದ ವಿವರಣೆ ಬೇರೆ ಕಡೆ ಸಿಗುವುದು ಕಷ್ಟ.

ಆದರೂ ಈ ಪ್ರಶ್ನೆಯನ್ನು ಅತ್ಯಂತ ಆಳವಾಗಿ ಕೇಳಿದವರು ಮಿಯಾಪುರದಿಂದ ಪಶ್ಚಿಮಕ್ಕೆ ಹೋಗುವ ರಸ್ತೆಯ ಕಡೆಯವರು. ಮಿಯಾಪುರದ ನಡುವೆ ಹಾಯುವ 65ನೇ ರಾಷ್ಟ್ರೀಯ ಹೆದ್ದಾರಿ ಪಟಾನ್‌ಚೆರು, ಜಹೀರಾಬಾದ್ ದಾಟಿ ಹುಮನಾಬಾದಿಗೆ ಹೋಗುತ್ತದೆ. ಅಲ್ಲಿಂದ ಬಸವಕಲ್ಯಾಣ ದೂರವಲ್ಲ. ಹನ್ನೆರಡನೇ ಶತಮಾನದ ಆ ಕಲ್ಯಾಣದಲ್ಲಿ ಬಸವಣ್ಣ ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದವರು. ಶರಣರ ಸಾಲಿನಲ್ಲಿ ಬುಟ್ಟಿ ಹೆಣೆಯುವವರು, ಸೌದೆ ಮಾರುವವರು, ಹಗ್ಗ ಹೊಸೆಯುವವರು ಇದ್ದಂತೆಯೇ ಹೊಳೆ ದಾಟಿಸುವ ಅಂಬಿಗರ ಚೌಡಯ್ಯನಿದ್ದ, ಸುಂಕ ವಸೂಲಿಯನ್ನೇ ಕಾಯಕವಾಗಿಸಿಕೊಂಡ ಸುಂಕದ ಬಂಕಣ್ಣನಿದ್ದ. ಇಂದಿನ ಆನ್‌ಲೈನ್ ಮಾರುಕಟ್ಟೆ ಮಾಡುವುದು ಇವರಿಬ್ಬರ ಕೆಲಸವನ್ನೇ. ಸರಕನ್ನು ಆಚೆ ದಡಕ್ಕೆ ಮುಟ್ಟಿಸುತ್ತದೆ, ಕಟ್ಟೆಯಲ್ಲಿ ಕೂತು ಸುಂಕ ಎತ್ತುತ್ತದೆ. ಆದ್ದರಿಂದ ನಡುವೆ ನಿಂತವರೆಲ್ಲ ಸುಲಿಗೆಕೋರರು ಎನ್ನುವ ಸುಲಭದ ಮಾತನ್ನು ಶರಣರ ಹೆಸರಿನಲ್ಲಿ ಆಡಲು ಬರುವುದಿಲ್ಲ. ರೊಟ್ಟಿಯವರಿಗೆ ಮುಂಬೈಯ ಗಿರಾಕಿಯನ್ನು ತಂದುಕೊಟ್ಟದ್ದು ಆ ವೇದಿಕೆಯೇ. ಆ ದುಡಿಮೆಗೆ ಕೂಲಿ ಸಲ್ಲಲೇಬೇಕು.

ಪ್ರಶ್ನೆ ಮೊದಲಾಗುವುದು ಅಲ್ಲಿಂದ ಮುಂದೆ. ಆಯ್ದಕ್ಕಿ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ತಡೆದಳು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಈ ಪ್ರಸಂಗವನ್ನು ಅತಿಯಾಸೆಯ ವಿರುದ್ಧದ ಪಾಠವೆಂದೇ ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕಿಂತ ದೊಡ್ಡ ವಿಷಯ ಅಲ್ಲಿದೆ: ತಂದವನನ್ನು ಎದುರಿಗೆ ನಿಲ್ಲಿಸಿ ಕೇಳುವವಳು ಇದ್ದಳು, ಕೇಳಿಸಿಕೊಂಡು ಮರಳಿ ಹೋದವನೂ ಇದ್ದ. ಕಾಯಕವನ್ನು ಕಾಯಕವಾಗಿ ಉಳಿಸಿದ್ದು ಆ ಕೇಳುವಿಕೆ.

ಅದೇ ಕಾಲದ ವರ್ತಕರ ಮಾತೂ ಇಲ್ಲಿ ಸಲ್ಲುತ್ತದೆ. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ಹೇರಿಗಿಷ್ಟು, ಹೊರೆಗಿಷ್ಟು ಎಂದು ತಾವೇ ಕೂಡಿ ನಿಗದಿ ಮಾಡಿ ದೇವಾಲಯಗಳಿಗೆ ಬಿಟ್ಟುಕೊಟ್ಟ ಶಾಸನಗಳು ಕನ್ನಡನಾಡಿನಲ್ಲಿ ಹಲವಿವೆ. ಕೊಡುವವರೇ ಕೂತು ದರ ಕಟ್ಟಿದರು, ಕಲ್ಲಿನಲ್ಲಿ ಕೆತ್ತಿಸಿ ಎಲ್ಲರೂ ಓದುವಲ್ಲಿ ನಿಲ್ಲಿಸಿದರು. ಇಂದು ದರದ ಪಟ್ಟಿ ಬದಲಾದದ್ದು ಮಾರಾಟಗಾರರಿಗೆ ತಿಳಿಯುವುದು ಒಂದು ಇಮೇಲಿನಿಂದ. ಫೋಟೊದ ಹಿನ್ನೆಲೆ ಸರಿಯಿಲ್ಲವೆಂದೋ, ಶೀರ್ಷಿಕೆಯಲ್ಲಿ ಬರಬಾರದ ಪದವಿದೆಯೆಂದೋ ಲಿಸ್ಟಿಂಗ್ ಕೆಳಗಿಳಿದರೆ ಕಾರಣ ಕೇಳಿ ಟಿಕೆಟ್ ಹಾಕಬೇಕು; ಉತ್ತರ ಮೊದಲೇ ಬರೆದಿಟ್ಟದ್ದು. ದರ ಇಳಿದಾಗಲೂ ಪರಿಸ್ಥಿತಿ ಇದೇ. ಮೀಶೋ 2021ರಲ್ಲಿ ಕಮಿಷನ್ ಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ಅಮೆಜಾನ್ 300 ರೂಪಾಯಿಗಿಂತ ಕಡಿಮೆ ಬೆಲೆಯ 1.2 ಕೋಟಿಗೂ ಹೆಚ್ಚು ಸರಕುಗಳ ಮೇಲಿನ ರೆಫರಲ್ ಫೀ ಎಂಬ ಕಮಿಷನ್ ತೆಗೆಯಿತು. ಸಣ್ಣವರಿಗೆ ನಿಜಕ್ಕೂ ಅನುಕೂಲವಾಯಿತು. ಆದರೆ ಕೇಳದೆ ಕೊಟ್ಟದ್ದನ್ನು ಕೇಳದೆ ಹಿಂತೆಗೆದುಕೊಳ್ಳಲೂ ಬರುತ್ತದೆ.

ಕಾನೂನು ಈ ಕೇಳುವಿಕೆಗೆ ಒಂದಿಷ್ಟು ಜಾಗ ಮಾಡಿದೆ. 2020ರ ಗ್ರಾಹಕ ಸಂರಕ್ಷಣಾ ಇ–ಕಾಮರ್ಸ್ ನಿಯಮಗಳ ಪ್ರಕಾರ, ಸರಕುಗಳನ್ನು ಯಾವ ಆಧಾರದಲ್ಲಿ ಮೇಲೆ ಕೆಳಗೆ ತೋರಿಸುತ್ತೇವೆ ಎಂಬುದನ್ನು ವೇದಿಕೆ ಹೇಳಬೇಕು. ಆಯ್ದ ಮಾರಾಟಗಾರರಿಗೆ ಆದ್ಯತೆ ಸಿಗುತ್ತಿದೆ ಎಂಬ ದೂರಿನ ಮೇಲೆ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಕಂಪನಿಗಳು ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದವು. 2021ರ ಜೂನ್‌ನಲ್ಲಿ ಆ ಅರ್ಜಿಗಳು ವಜಾ ಆದವು.

ಸರ್ಕಾರವೂ ಒಂದು ಸುಂಕದ ಕಟ್ಟೆಯೇ. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆ ವೇದಿಕೆಗಳಲ್ಲಿ ಸರಕು ಮಾರಬಹುದು, ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ವಹಿವಾಟಿನ ಮಿತಿ ಕರ್ನಾಟಕದಲ್ಲಿ 40 ಲಕ್ಷ, ತೆಲಂಗಾಣದಲ್ಲಿ 20 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ–ಚಪಾತಿಯ ಮೇಲೆ ತೆರಿಗೆ ಇಲ್ಲವಾದ್ದರಿಂದ ರೊಟ್ಟಿಯ ಪ್ರಶ್ನೆ ಬೇರೆ. ತೊಡಕು ಬರುವುದು ಚಟ್ನಿಪುಡಿಯ ಪೊಟ್ಟಣಕ್ಕೆ. ನೋಂದಣಿ ಇಲ್ಲದೆ ಅದನ್ನು ಮಿಯಾಪುರದಿಂದ ರಾಜ್ಯದೊಳಗಿನ ದೂರದ ಖಮ್ಮಂಗೂ ಕಳಿಸಬಹುದು. ನೂರಿಪ್ಪತ್ತು ಕಿಲೋಮೀಟರ್ ಆಸುಪಾಸಿನ ಬೀದರಿಗೆ ಕಳಿಸಬೇಕಾದರೆ ನೋಂದಣಿ ಮಾಡಿಸಿ ರಿಟರ್ನ್ ಸಲ್ಲಿಸುವ ಗೋಜಿಗೆ ಬೀಳಬೇಕು. ತವರಿನ ರುಚಿ ತವರಿಗೇ ಹೋಗುವಾಗ ಗಡಿಯಲ್ಲಿ ನಿಲ್ಲುತ್ತದೆ.

ಸರ್ಕಾರದ ಕಟ್ಟೆಯ ಮಾತಿಗೆ ಅಂಚೆಯ ಕತೆಯೂ ಸೇರಬೇಕು. 2024ರ ಡಿಸೆಂಬರ್‌ನಲ್ಲಿ ಪುಸ್ತಕಗಳನ್ನು ಕಡಿಮೆ ದರಕ್ಕೆ ಸಾಗಿಸುತ್ತಿದ್ದ ಬುಕ್ ಪೋಸ್ಟ್ ನಿಂತಾಗ ಸಣ್ಣ ಪ್ರಕಾಶಕರಿಗೆ ಬಿದ್ದ ಪೆಟ್ಟು ದೊಡ್ಡದು. 2025ರ ಮೇ 1ರಿಂದ ಬಂದ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗಿನ ಧಾರ್ಮಿಕ, ಸಾಂಸ್ಕೃತಿಕ ಪುಸ್ತಕವನ್ನು 20 ರೂಪಾಯಿ ಮತ್ತು ತೆರಿಗೆಗೆ ಕಳಿಸಬಹುದು. ವಚನದ ಪುಸ್ತಕ ಅದರಲ್ಲಿ ಹೋಗುತ್ತದೆ, ಮಾಸಪತ್ರಿಕೆ ಹೋಗುವುದಿಲ್ಲ.

ಇಷ್ಟಾದ ಮೇಲೆ ಮಾರುವವರ ಅಂತಃಕರಣದ ಮಾತು ಬಿಡುವಂತಿಲ್ಲ. ಬಾಡಿಗೆಯನ್ನು ಬೆಲೆಯೊಳಗೆ ಸೇರಿಸಿ ‘ಫ್ರೀ ಡೆಲಿವರಿ’ ಎನ್ನುವುದು, ಎಂಆರ್‌ಪಿ ಎತ್ತರಕ್ಕೆ ಬರೆದು ಅರ್ಧಕ್ಕರ್ಧ ಡಿಸ್ಕೌಂಟ್ ತೋರಿಸುವುದು ಈ ಪೇಟೆಯ ರೂಢಿ. ಹಾಗೆ ಮಾಡದವರ ಸರಕು ಕಣ್ಣಿಗೇ ಬೀಳುವುದಿಲ್ಲ ಎನ್ನುವುದು ನಿಜ. ಆದರೂ ಅದು ಸುಳ್ಳೇ. ಚಿಕ್ಕವರು ಎಂಬ ಕಾರಣಕ್ಕೆ ಲಕ್ಕಮ್ಮನ ಪ್ರಶ್ನೆಯಿಂದ ಬಿಡುಗಡೆ ಇಲ್ಲ. ಅವಳು ಕೇಳಿದ್ದು ಅಕ್ಕಿ ಆಯುವ ಬಡವನನ್ನೇ.

ಹುಮನಾಬಾದಿನಿಂದ ಆಚೆ ಈಗಾಗಲೇ ಒಂದು ಪ್ರಯತ್ನ ನಡೆದಿದೆ. ಕಲಬುರಗಿಯ ಮಹಿಳಾ ಸ್ವಸಹಾಯ ಸಂಘಗಳು ಜಿಲ್ಲಾಡಳಿತದ ಜೊತೆಗೂಡಿ ‘ಕಲಬುರಗಿ ರೊಟ್ಟಿ’ ಎಂಬ ಬ್ರಾಂಡ್ ಕಟ್ಟಿವೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಾರೆಂದು ಪ್ರಧಾನಿ 2025ರ ಜೂನ್‌ನ ‘ಮನ್ ಕೀ ಬಾತ್’ನಲ್ಲಿ ಹೇಳಿದ್ದರು. ಬೆಂಗಳೂರಿನಲ್ಲಿ ಅವರದೇ ಕೌಂಟರ್ ಇದೆ, ಆನ್‌ಲೈನಿನಲ್ಲೂ ಆರ್ಡರ್ ಬರುತ್ತದೆ. ಕೌಂಟರಿನ ಖರ್ಚನ್ನು ಯಾರು ಎಷ್ಟು ಹೊರಬೇಕೆಂದು ಬಡಿಯುವವರೇ ಕೂತು ಕೇಳಲು ಅಲ್ಲಿ ಒಂದು ಸಂಘವಿದೆ. ಮಿಯಾಪುರದಲ್ಲಿ, ಚಂದಾನಗರದಲ್ಲಿ, ಲಿಂಗಂಪಲ್ಲಿಯಲ್ಲಿ ಒಬ್ಬೊಬ್ಬರೇ ಪೆಟ್ಟಿಗೆ ಕಟ್ಟುವವರು ಹೀಗೆ ಕೂಡಿಕೊಂಡರೆ ಮೊದಲು ಕೇಳಬೇಕಾದದ್ದು ಆ 5000ದ ಲೆಕ್ಕವನ್ನೇ: ರೊಟ್ಟಿಯಂಥ ಹಗುರ ಸರಕಿಗೆ ಬೇರೆ ದರ ಏಕಿರಬಾರದು?