ಹರಾಜಿನ ಮೌನವೂ ಸತ್ಯಾಣುವ್ರತವೂ

ಬಾಯಿಬಿಟ್ಟು ಸುಳ್ಳಾಡದಿದ್ದರೆ ಸತ್ಯಾಣುವ್ರತವು ಉಳಿಯಿತೆಂದು ಭಾವಿಸುವ ಶ್ರಾವಕರುಂಟು. ದಶಲಕ್ಷಣ ಪರ್ವದಲ್ಲಿ ಉಪವಾಸ, ಏಕಭುಕ್ತಗಳನ್ನು ನಿಷ್ಠೆಯಿಂದ ಆಚರಿಸುವ ಗೃಹಸ್ಥರೂ ಜಾತ್ರೆಯ ವ್ಯಾಪಾರದಲ್ಲಿ ಈ ಭ್ರಮೆಗೆ ಒಳಗಾಗುತ್ತಾರೆ.

1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣದಲ್ಲಿ ಕುದುರೆಯ ದೃಷ್ಟಾಂತವೊಂದಿದೆ. ತನ್ನ ಕುದುರೆಯಲ್ಲಿ ದೋಷವಿದೆಯೆಂದು ಬಲ್ಲವನು ಅದನ್ನು ಹರಾಜಿನಲ್ಲಿ ಮಾರುತ್ತಾನೆ, ದೋಷದ ಮಾತೆತ್ತುವುದಿಲ್ಲ. ಇದು ವಂಚನೆಯಲ್ಲವೆಂದು ಕಾನೂನಿನ ಅಭಿಪ್ರಾಯ. ಕೊಳ್ಳುವವಳು ಆಗತಾನೇ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ ಮಾತ್ರ ಹೇಳುವುದು ಅವನ ಕರ್ತವ್ಯವಂತೆ! ಮಗಳಿಗೆ ಹೇಳಬೇಕಾದುದನ್ನು ಪರರ ಮಗನಿಗೆ ಹೇಳಬೇಡವೇ? ಕಾನೂನು ನಿಂತಲ್ಲಿಂದ ಶ್ರಾವಕನ ಪ್ರಶ್ನೆ ಮೊದಲಾಗುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಈ ಮಾತು ಕುದುರೆಗಿಂತ ಎತ್ತಿಗೆ ಹೆಚ್ಚು ಸಲ್ಲುತ್ತದೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿ ಅಮೃತಮಹಲ್ ತಳಿಯ ಸಂವರ್ಧನೆಗೆ ಹೆಸರಾದ ಸ್ಥಳ. ಆ ತಳಿಯ ರೋಷವನ್ನು ಎಲ್ಲರೂ ಬಲ್ಲರು. ಕೊಳ್ಳುವವನು ಎಚ್ಚರದಿಂದಲೇ ಬರುತ್ತಾನೆ. ಆದರೆ ಸಗಣಿ ಬಾಚಲು ಬಂದವಳನ್ನು ಹಾಯ್ದ ಎತ್ತು, ಹಿಂದಿನಿಂದ ಸುಳಿದವನನ್ನು ಒದೆಯುವ ಕುದುರೆ, ಇವುಗಳ ಚಾಳಿ ಮನೆಯವರಿಗಷ್ಟೇ ಗೊತ್ತು. ಸಂಶಯ ಬಂದ ಕೊಬ್ಬರಿಯನ್ನು ಒಡೆದು ನೋಡಬಹುದು. ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿದರೂ ಹಾಯುವ ಗುಣ ಕಾಣದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ಥೂಲ ಅಸತ್ಯವನ್ನು ನುಡಿಯುವುದನ್ನಷ್ಟೇ ಅಲ್ಲ, ಪರರಿಂದ ನುಡಿಸುವುದನ್ನೂ ತ್ಯಜಿಸಬೇಕೆಂದಿದ್ದಾರೆ. ದಲ್ಲಾಳಿಯ ಬಾಯಿಂದ ಬಲು ಸಾಧುವೆನಿಸಿ ತಾನು ಮೌನದಿಂದ ನಿಂತವನ ವ್ರತವೆಲ್ಲಿ ಉಳಿಯಿತು?

ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಚಾರ್ಯರು ಬಿಡಿಸಿದ್ದಾರೆ. ಇದನ್ನೇ ಹಿಡಿದು ಕೆಲವರು, ನಿಜ ಹೇಳಿದರೆ ಬೆಲೆ ಕುಸಿದು ಪ್ರಾಣಿಯು ಬಡಿದು ಪಳಗಿಸುವ ಕ್ರೂರಿಯ ಪಾಲಾಗುತ್ತದೆ, ಆದುದರಿಂದ ಮೌನವೇ ಅಹಿಂಸೆ ಎಂದು ವಾದಿಸುತ್ತಾರೆ. ಸುಲಭವಾಗಿ ತಳ್ಳಿಹಾಕುವ ವಾದವಲ್ಲ. ಆದರೆ ದೋಷವನ್ನು ಮುಚ್ಚಿಟ್ಟು ಮಾರಿದ ಪ್ರಾಣಿಯು ಹೊಸ ಕೊಟ್ಟಿಗೆಯಲ್ಲಿ ಮೊದಲ ದಿನವೇ ಒದ್ದಾಗ ಅದಕ್ಕೆ ಬೀಳುವ ಏಟು ಕಡಿಮೆಯೇ? ಒದೆ ತಿಂದವನ ಮುರಿದ ಪಕ್ಕೆಲುಬು ಯಾರ ಲೆಕ್ಕಕ್ಕೆ? ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮತ್ತಯೋಗದಲ್ಲಿ ತೋರಿಸಿದೆ. ಹಣದಾಸೆಯಿಂದ ನಾಲಗೆ ಹಿಡಿದವನು ಅದನ್ನು ಕೇವಲ ಪಶುವಿನ ತಪ್ಪೆನ್ನಲಾರನು. ದೋಷವನ್ನು ತಿಳಿದೂ ಕರುಣೆಯಿಂದ ಸಾಕುವ ಕೈ ದೊರೆಯದಿದ್ದರೆ ಮಾರದಿರುವ ದಾರಿಯೊಂದಿದೆ. ಮೇವಿನ ಖರ್ಚು ಮಾಲೀಕನದು, ನಿಜ.

ಈಗಾಗಲೇ ಮೌನದಿಂದ ಮಾರಿ ಬಂದವನು ಆಲೋಚನಾ ಪಾಠಕ್ಕೆ ಕೂಡುವ ಮುನ್ನ, ಬಂದ ಹಣವನ್ನು ಸೆರಗಿನಲ್ಲಿಟ್ಟುಕೊಂಡು ಕೊಂಡವನ ಊರಿಗೆ ಹೋಗಿ ಬರಲಿ. ಆ ಕೊಟ್ಟಿಗೆಗೆ ಮಕ್ಕಳು ದಿನವೂ ಹೋಗುತ್ತಾರೆ.