ಸುಂಕವೂ ಮೌನವೂ

ಪೇಟೆಯನ್ನು ಕಟ್ಟಿದವನು ಸುಂಕವನ್ನು ಕೇಳುವುದು ಅನ್ಯಾಯವಲ್ಲ. ನೆಲವನ್ನು ಹಸನುಮಾಡಿ, ಕಳ್ಳರನ್ನು ದೂರವಿಟ್ಟು, ಕೊಳ್ಳುವವರನ್ನು ಕರೆತಂದವನಿಗೆ ಶ್ರಮದ ಫಲವು ಸಲ್ಲತಕ್ಕದ್ದೇ. ಅಮೆರಿಕೆಯ ಆ್ಯಪಲ್ ಸಂಸ್ಥೆಯು 2008ರಲ್ಲಿ ತನ್ನ ಐಫೋನಿಗಾಗಿ ಆ್ಯಪ್‌ಗಳ ಅಂಗಡಿಯನ್ನು ತೆರೆದು, ಮಾರಾಟದ ಹಣದಲ್ಲಿ ನೂರಕ್ಕೆ 30ರಂತೆ ಹಿಡಿದುಕೊಂಡುದು ಈ ನ್ಯಾಯವನ್ನು ಅವಲಂಬಿಸಿಯೇ. ಆದರೆ ಆ ಪೇಟೆಗೆ ಇದ್ದುದು ಒಂದೇ ಬಾಗಿಲು. ದರವನ್ನು ಗೊತ್ತುಮಾಡುವವನೂ ಬಾಗಿಲನ್ನು ಕಾಯುವವನೂ ಒಬ್ಬನೇ. ಮೇಲಾಗಿ, ಇದೇ ಸರಕು ಹೊರಗೆ ಅಗ್ಗವಾಗಿ ದೊರೆಯುವುದೆಂದು ಮಾರುವವನು ಆ್ಯಪಿನೊಳಗೆ ತಿಳಿಸಕೂಡದೆಂಬ ಕಟ್ಟಳೆಯೂ ಇದ್ದಿತು.

2020ರಲ್ಲಿ ಎಪಿಕ್ ಗೇಮ್ಸ್ ಸಂಸ್ಥೆಯು ಫೋರ್ಟ್‌ನೈಟ್ ಎಂಬ ತನ್ನ ಆಟದೊಳಗೆ ಹಣ ಸಲ್ಲಿಸುವ ನೇರ ದಾರಿಯೊಂದನ್ನು ಇರಿಸಿತು. ಆ್ಯಪಲ್ ಆ ಆಟವನ್ನು ಅಂಗಡಿಯಿಂದ ಹೊರಹಾಕಿತು. ವ್ಯಾಜ್ಯವು ಕ್ಯಾಲಿಫೋರ್ನಿಯದ ನ್ಯಾಯಾಲಯವನ್ನು ಸೇರಿತು. ಆ್ಯಪಲ್ ಏಕಸ್ವಾಮ್ಯವುಳ್ಳದ್ದೆಂಬುದು ಸಿದ್ಧವಾಗಲಿಲ್ಲವೆಂದು 2021ರ ತೀರ್ಪು ಹೇಳಿತಾದರೂ, ಮೌನದ ಕಟ್ಟಳೆಯನ್ನು ತೆಗೆದುಹಾಕಿತು. 2024ರಲ್ಲಿ ಸಂಸ್ಥೆಯು ಹೊರದಾರಿಯ ಮಾರಾಟಕ್ಕೂ ನೂರಕ್ಕೆ 27ರ ಸುಂಕವನ್ನು ವಿಧಿಸಲು, 2025ರಲ್ಲಿ ನ್ಯಾಯಾಲಯವು ಆಜ್ಞೋಲ್ಲಂಘನವಾಯಿತೆಂದು ನಿರ್ಣಯಿಸಿತು.

ಸುಂಕವು ಎಷ್ಟಿರಬೇಕೆಂಬುದು ಲೆಕ್ಕದ ಪ್ರಶ್ನೆ. ಅಲ್ಲಿ ಮತಭೇದವು ಸಹಜ. ಬಾಯಿಕಟ್ಟುವುದಾದರೋ ಧರ್ಮದ ಪ್ರಶ್ನೆ. ತನ್ನ ಸೇವೆಯು ಬೆಲೆಗೆ ತಕ್ಕುದೆಂದು ನಂಬಿದವನು ಬೇರೆ ದಾರಿಯ ಮಾತಿಗೆ ಅಂಜಬೇಕಾದುದಿಲ್ಲ. ಎಲ್ಲವನ್ನೂ ತಿಳಿದ ಮೇಲೆಯೂ ಕೊಳ್ಳುವವನು ಅದೇ ಬಾಗಿಲಲ್ಲಿ ಸುಂಕವನ್ನು ತೆತ್ತನಾದರೆ, ಆ ಹಣವನ್ನು ಯಾರೂ ಆಕ್ಷೇಪಿಸಲಾರರು.