ಹಳ್ಳಿ, ಹಲ್ಲಿ ಮತ್ತು ಬಣ್ಣ

ಸಿಂಗಪುರದ ಲಿಟಲ್ ಇಂಡಿಯಾದಲ್ಲೂ ಒಂದು ರೇಸ್ ಕೋರ್ಸ್ ರೋಡ್ ಇದೆ. ಬೆಂಗಳೂರಿನವರಿಗೆ ಪರಿಚಿತ ಹೆಸರೇ. ಅದನ್ನು ಇಂಗ್ಲಿಷಿನಲ್ಲಿ ಅಕ್ಷರ ಬಿಡಿಸಿ ನೋಡಿ. ‘ಸಿ’ ಎಂಬ ಅಕ್ಷರ ಮೊದಲ ಪದದಲ್ಲಿ ಸಕಾರ, ಎರಡನೆಯದರಲ್ಲಿ ಕಕಾರ. ಕೋರ್ಸಿನ ಸಕಾರಕ್ಕೆ ಮತ್ತೆ ‘ಎಸ್’ ಬರಬೇಕು. ಈ ಗೊಂದಲಕ್ಕೆ ಕಾಲೆಬ್ ಗಟೆನ್ಯೊ ಎಂಬ ಶಿಕ್ಷಣತಜ್ಞ 1957ರಲ್ಲಿ, ಇಥಿಯೋಪಿಯದಲ್ಲಿದ್ದಾಗ, ಒಂದು ಉಪಾಯ ಕಂಡುಕೊಂಡರು: ಒಂದು ಧ್ವನಿಗೆ ಒಂದು ಬಣ್ಣ. ಅವರ ಲೆಕ್ಕದಲ್ಲಿ ರೇಸಿನ ‘ಸಿ’ಗೂ ಕೋರ್ಸಿನ ‘ಎಸ್’ಗೂ ಒಂದೇ ಬಣ್ಣ.

ಲಿಟಲ್ ಇಂಡಿಯಾಕ್ಕೆ ಚೀನೀಯರು ‘ಶ್ಯಾವ್ ಯಿನ್ ದು’ ಎನ್ನುತ್ತಾರೆ. ಮೊದಲಿನದು ಕೆಳದನಿ, ಉಳಿದೆರಡು ಥಟ್ಟನೆ ಇಳಿಯುವ ದನಿ. ದನಿಯ ಏರಿಳಿತಕ್ಕೆ ಒಂದೊಂದು ಬಣ್ಣ ಕೊಡುವ, ನೇಥನ್ ಡಮಿಟ್ ರೂಪಿಸಿದ ಪದ್ಧತಿಯಲ್ಲಿ ಇದು ಹಸಿರು, ನೀಲಿ, ನೀಲಿ. ಇನ್ನು ತಮಿಳಿನಲ್ಲಿ ಅಲ್ಲಿನ ತೇಕ್ಕಾ ಮಾರುಕಟ್ಟೆಯ ‘ತ’, ‘ಇಂದಿಯಾ’ದ ‘ದ’ ಎರಡಕ್ಕೂ ಅಕ್ಷರ ಒಂದೇ. ತಮಿಳರ ಮಕ್ಕಳಿಗೆ ಅದು ಕಷ್ಟವಲ್ಲ, ಕಿವಿಯೇ ದಾರಿ ತೋರುತ್ತದೆ. ಸಿಂಗಪುರದ ಶಾಲೆಯಲ್ಲಿ ಕನ್ನಡ ಇಲ್ಲದ್ದರಿಂದ ತಮಿಳು ಆರಿಸಿಕೊಂಡ ಕನ್ನಡದ ಮಗುವಿಗೆ ಮಾತ್ರ ಎರಡು ಬಣ್ಣದ ಪೆನ್ಸಿಲ್ ಒದಗೀತು.

ಕನ್ನಡಕ್ಕೆ ಈ ಬಣ್ಣಗಾರಿಕೆ ಬೇಕಿಲ್ಲ, ನಮ್ಮಲ್ಲಿ ಕ, ಗ, ತ, ದ ಎಲ್ಲವೂ ಬೇರೆ ಬೇರೆಯಾಗಿಯೇ ಕೂತಿವೆ ಎಂದು ಬೀಗುವಂತಿಲ್ಲ. ಹೊರನಾಡಿನಲ್ಲಿ ಬೆಳೆದ ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಎಂದರೆ, ಪುಸ್ತಕದ ಳಕಾರಕ್ಕೆ ಕೆಂಪು ಬಳಿದು ಏನು ಪ್ರಯೋಜನ? ಅಕ್ಷರ ಬೇರೆ ಎಂಬುದು ಅದಕ್ಕೆ ಗೊತ್ತೇ ಇದೆ. ತಿರುಗದಿರುವುದು ನಾಲಿಗೆ.

ಅಲ್ಲಿಗೆ ಬೇಕಾದದ್ದು ಬೇರೆ ಬಗೆಯ ಚಿತ್ರ, ಸ್ಪೆಕ್ಟ್ರೋಗ್ರಾಮ್. ಕಿವುಡರಿಗೆ ಮಾತನ್ನು ಕಣ್ಣಿಂದ ಓದಿಸುವ ಆಸೆಯಿಂದ ಅಮೆರಿಕದ ಬೆಲ್ ಪ್ರಯೋಗಾಲಯದವರು 1940ರ ದಶಕದಲ್ಲಿ ಇದನ್ನು ಬೆಳೆಸಿದರು. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಕಂಪನಾಂಕ, ಬಣ್ಣದ ಗಾಢತೆಯಲ್ಲಿ ದನಿಯ ಬಲ. ಇಲ್ಲಿ ಬಣ್ಣ ಮೇಷ್ಟ್ರು ಹಂಚಿದ್ದಲ್ಲ, ಉಸಿರೇ ಬರೆದದ್ದು. ನಾಲಿಗೆಯ ತುದಿ ಹಿಂದಕ್ಕೆ ಮಡಚಿದಾಗ ಚಿತ್ರದ ಗಾಢ ಪಟ್ಟಿಗಳಲ್ಲಿ ಕೆಳಗಿನಿಂದ ಮೂರನೆಯದು ಕೆಳಗಿಳಿದು ಎರಡನೆಯದರ ಹತ್ತಿರ ಬರುತ್ತದೆ: ಅದು ಳ. ಲಕಾರದಲ್ಲಿ ಅದು ಮೇಲೆಯೇ ಉಳಿಯುತ್ತದೆ. ಆಮ್‌ಸ್ಟರ್‌ಡ್ಯಾಮಿನ ಇಬ್ಬರು ವಿದ್ವಾಂಸರು ಮಾಡಿದ ‘ಪ್ರಾಟ್’ ತಂತ್ರಾಂಶದಲ್ಲಿ ಇದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು.

ಬೇರೆ ಕೆಲವು ಆ್ಯಪ್‌ಗಳಲ್ಲಿ ಜೋರು ದನಿ ಕೆಂಪಾಗಿ ಕಾಣುತ್ತದೆ. ಕೆಂಪೆಂದರೆ ತಪ್ಪು ಎಂದು ಶಾಲೆಯಲ್ಲಿ ಕಲಿತ ಮಗು ಬೆದರಿದರೆ ಚಿತ್ರವನ್ನು ಕಪ್ಪು ಬಿಳುಪಿಗೆ ಬದಲಿಸಿಕೊಡಿ. ನೋಡಬೇಕಾದದ್ದು ಮೂರನೆಯ ಪಟ್ಟಿ ಇಳಿಯಿತೇ ಎಂಬುದನ್ನಷ್ಟೆ.